ಲಾರಿಯ ಕೂಗು

ಅವನ ಹಳೇ ಲಾರಿಯ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಗೇರು, ಊರ ಸೇತುವೆ ದಾಟುವಾಗಲೇ ಮನೆಗೆ ಕೇಳುವಷ್ಟು ಜೋರಾಗಿ ಕೂಗುತ್ತಿತ್ತು. ಹೋದ ವಾರ ಬೋಲ್ಟ್ ಬಿಚ್ಚಿ ಬೆರಳಿಟ್ಟು ನೋಡಿದರೆ ಒಳಗಿನ ಎಣ್ಣೆ ಡಾಂಬರಾಗಿತ್ತು. ಬದಲಿಸೋಣವೆಂದು ತಂದಿಟ್ಟ ಎಣ್ಣೆ ಡಬ್ಬ ಮಾರನೇ ದಿನವೇ ಮಾಯವಾಯಿತು. ಇವತ್ತು ಹೊಸ ಡಬ್ಬ ತಂದು ಲಾರಿಯಡಿ ನುಸುಳಿದರೆ ಸ್ಪ್ಯಾನರೇ ಇಲ್ಲ. ಮೈಯೆಲ್ಲ ಗ್ರೀಸು ಮೆತ್ತಿಕೊಂಡು ಅಡುಗೆಮನೆಗೆ ನುಗ್ಗಿದ.

“ಸ್ಪ್ಯಾನರ್ ಎಲ್ಲೇ?” ಎಂದು ಹೆಂಡತಿಯನ್ನು ಗದರಿದ.

“ನಂಗೇನು ಗೊತ್ತು.”

“ಮಕ್ಕಳು ತಗೊಂಡ್ವಾ? ಎಲ್ಲಿ ಅವು?”

“ಪಕ್ಕದ ಮನೇಲಿ.”

“ನಾನು ಬಂದಾಗೆಲ್ಲ ಪಕ್ಕದ ಮನೇನೇ. ಯಾರಿಗೋಸ್ಕರ ದುಡಿದು ಸಾಯ್ತಿದೀನಿ ನಾನು?”

ಸಿಟ್ಟು ನೆತ್ತಿಗೇರಿ ಅಕ್ಕಿ ಡಬ್ಬವನ್ನು ಒದ್ದ. ಚೆಲ್ಲಿದ ಅಕ್ಕಿಯ ಜೊತೆ ಸ್ಪ್ಯಾನರೂ ಹೊರಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವನು ಬಗ್ಗಿದಾಗ ಅವಳು ಮುಖಕ್ಕೆ ಕೈ ಅಡ್ಡ ಹಿಡಿದಳು.

“ಬಚ್ಚಿಟ್ಟಿದ್ದು ನೀನೇನಾ? ಊರೆಲ್ಲ ನಗ್ತಿದೆ ಆ ಸದ್ದಿಗೆ. ಅದು ನಿಲ್ಲೋದು ಬೇಡ್ವೇನೇ ನಿಂಗೆ?”

ಅವಳು ಕೂತು ಅಕ್ಕಿ ಬಾಚತೊಡಗಿದಳು.

“ಅದು ಕೇಳಿಸ್ದೆ ಇದ್ರೆ, ನೀವು ಮನೆ ಮುಟ್ಟೋದ್ರೊಳಗೆ ಮಕ್ಕಳನ್ನ ಪಕ್ಕದ ಮನೆಗೆ ಹೆಂಗೆ ಕಳಿಸ್ಲಿ?”