ಕೊನೆಯ ನಲವತ್ತೊಂದು ಸಾಲು

ವಾರ್ಡನ್ನರ ಬೆರಳು ಕಂಪ್ಯೂಟರ್ ಪರದೆಯ ಮೇಲೆ ಜಿಡ್ಡಿನ ಗೆರೆ ಎಳೆಯಿತು. "ಇಲ್ಲಿಂದ ಕೆಳಗಿನ ನಲವತ್ತೊಂದು ಸಾಲು ಕತ್ತರಿಸಿಬಿಡಮ್ಮ. ತಪಾಸಣೆಗೆ ಬಂದಿರೋ ಮೇಡಂ ಪಕ್ಕದ ರೂಮಲ್ಲೇ ಕೂತು ಫೈಲ್ ಕೇಳ್ತಿದ್ದಾರೆ."

ಅದು ಹಾಸ್ಟೆಲಿನ ದೂರುಗಳ ಫೈಲು. ಮೇಲಿನದೆಲ್ಲ ಫ್ಯಾನು, ಬಲ್ಬು, ಬಾಗಿಲ ಚಿಲಕ. ಕೆಳಗಿನ ನಲವತ್ತೊಂದೂ ನೀರಿನವು: ನಾತ, ಕೂದಲು, ವಾಂತಿ. ಕಂಪ್ಯೂಟರ್ ಮುಂದೆ ಕೂತಿದ್ದ ಟೈಪಿಸ್ಟ್ ಹುಡುಗಿಯ ತಂಗಿಯೂ ಅದೇ ಹಾಸ್ಟೆಲಿನಲ್ಲಿದ್ದು, ಅದೇ ನೀರು ಕುಡಿದು ಮೂರು ದಿನದಿಂದ ಹಾಸಿಗೆ ಹಿಡಿದಿದ್ದಳು.

"ಟ್ಯಾಂಕ್ ತೊಳೆಸಿದ್ರಾ ಸರ್?"

"ಟ್ಯಾಂಕಲ್ಲಿ ಒಂದು ಇಲಿ ಸತ್ರೆ ಊರೆಲ್ಲ ತೊಳೀಬೇಕಾ? ನಿನ್ನ ಕೆಲಸ ನೋಡು." ಅವರು ತಮ್ಮ ಬಾಟಲಿಯ ನೀರನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಂಡ ಕೈಯಲ್ಲೇ ಅವಳ ಹೆಗಲು ತಟ್ಟಿದರು. ಅವಳು ಹೆಗಲು ಸರಿಸಿಕೊಂಡು ಕೀಬೋರ್ಡಿಗೆ ಕೈ ಹಾಕಿದಳು.

ಫೈಲಿನ ಮೇಲಿನ ಸಾಲುಗಳನ್ನು ಉಳಿಸುವ ಆಜ್ಞೆ 'ಹೆಡ್', ಕೊನೆಯ ಸಾಲುಗಳನ್ನು ಉಳಿಸುವುದು 'ಟೇಲ್'. ವಾರ್ಡನ್ನರಿಗೆ ಎರಡೂ ಒಂದೇ. ಅವರ ಕಣ್ಣೆಲ್ಲ ಬಾಗಿಲ ಕಡೆಗಿತ್ತು. ಅವಳು 'ಟೇಲ್' ಎಂದು ಟೈಪ್ ಮಾಡಿ, ಪಕ್ಕಕ್ಕೆ ನಲವತ್ತೊಂದು ಎಂದು ಸೇರಿಸಿದಳು. ಫ್ಯಾನು, ಬಲ್ಬು, ಚಿಲಕಗಳೆಲ್ಲ ಮಾಯವಾಗಿ ನೀರಷ್ಟೇ ಉಳಿಯಿತು.

"ಆಯ್ತಾ?"

"ಆಯ್ತು ಸರ್. ಮೇಡಂಗೂ ಕಳಿಸಿದೆ," ಎಂದು ಅವಳು ಪರದೆಯ ಮೇಲಿನ ಜಿಡ್ಡನ್ನು ತಿಕ್ಕಿ ಒರೆಸತೊಡಗಿದಳು.