ಶನಿವಾರದ ಗೊಂಬೆ

ಕೂಸು ಅಳಲಿಲ್ಲ.

ಪುಣೆಯಿಂದ ಕಾತ್ರಜ್ ಘಾಟ್ ದಾಟಿದರೆ ಸಿಗುವ ಆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೆರಿಗೆ ಮಾಡಿಸುತ್ತಿದ್ದ ನರ್ಸ್ ಅನುಸೂಯಾ ಕೂಸಿನ ಮೈ ಒರೆಸಿದಳು, ಬೆನ್ನು ತಿಕ್ಕಿದಳು. ಉಸಿರಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿ, ಪಕ್ಕದ ಟೇಬಲ್ ಮೇಲೆ ಮಲಗಿಸಿ, ಪುಟ್ಟ ಮುಖಕ್ಕೆ ಮಾಸ್ಕ್ ಇಟ್ಟು ಗಾಳಿಚೀಲ ಒತ್ತಿದಳು. ಒಮ್ಮೆ, ಮತ್ತೊಮ್ಮೆ. ಎದೆ ಏಳಲಿಲ್ಲ.

"ಯಾಕ್ರಿ ನರ್ಸ್ ಬಾಯಿ, ಸಪ್ಪಳಾನ ಇಲ್ಲಲ್ರಿ?" ಮಂಚದ ಮೇಲಿಂದ ಯಮನವ್ವ ಕೇಳಿದಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು, ಚೊಚ್ಚಲ ಹೆರಿಗೆ.

ಅನುಸೂಯಾ ಮತ್ತೆ ಚೀಲ ಒತ್ತಿದಳು. ಎದುರಿಗೆ ರಂಜನಾ ನಿಂತಿದ್ದಳು, ಕೆಲಸಕ್ಕೆ ಸೇರಿ ಎರಡೇ ವರ್ಷವಾದ ನರ್ಸ್, ಅನುಸೂಯಾಳಂತೆ ಅವಳೂ ಗಡಿ ಕಡೆಯ ಕನ್ನಡದವಳು. ಅವಳ ತುಟಿ ಅಲುಗಿ ಸುಮ್ಮನಾಯಿತು. ಯಾಕೆಂದು ಅನುಸೂಯಾಗೆ ಗೊತ್ತಿತ್ತು. ಪ್ರತಿ ಶನಿವಾರ ಸುತ್ತಲಿನ ನರ್ಸುಗಳೆಲ್ಲ ಸೇರಿ, ಇಬ್ಬಿಬ್ಬರಾಗಿ ರಬ್ಬರ್ ಗೊಂಬೆಗೆ ಉಸಿರು ಕೊಡುವುದನ್ನು ಕಲಿಯುತ್ತಿದ್ದರು. ಒಬ್ಬಳು ಮಾಡಬೇಕು, ಇನ್ನೊಬ್ಬಳು ನೋಡಿ ತಪ್ಪು ಹೇಳಬೇಕು. ಹೋದ ವಾರ ರಂಜನಾ ತಪ್ಪು ಹೇಳಹೊರಟದ್ದೇ ತಡ, "ನೀ ಸಾಲಿಗೆ ಹೋಗ್ತಿದ್ದಾಗಿಂದ ನಾ ಹೆರಿಗಿ ಮಾಡಸ್ಲಿಕ್ಕತ್ತೀನಿ. ನನಗ ಕಲಿಸಬ್ಯಾಡ" ಎಂದು ಅನುಸೂಯಾ ಎಲ್ಲರ ಎದುರು ಗದರಿದ್ದಳು.

ಗೋಡೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಓಡುತ್ತಿತ್ತು. ಕೂಸಿನ ತುಟಿ ನೀಲಿಗಟ್ಟಿತು.

"ರಂಜನಾ, ಎಲ್ಲಿ ತಪ್ಪೇದ ನಂದು? ಲಗೂನ ಹೇಳವ್ವಾ!"

"ತಲಿ ಭಾಳ ಹಿಂದ ಹೋಗೇದ್ರಿ ಅಕ್ಕಾರ. ಜರಾ ಮುಂದ ತರ್ರಿ. ಹಾಂ, ಅಷ್ಟ. ಗದ್ದದ ಹತ್ರ ಗಾಳಿ ಸೋರ್ಲಿಕ್ಕತ್ತದ, ಮಾಸ್ಕ್ ಬಿಗಿ ಹಿಡೀರಿ."

ಎದೆ ಎದ್ದಿತು. ಇಳಿಯಿತು. ಮತ್ತೆ ಎದ್ದಿತು. ರಂಜನಾ ಎಣಿಸುತ್ತ ಹೋದಳು, ಅನುಸೂಯಾ ಒತ್ತುತ್ತ ಹೋದಳು. ಇಪ್ಪತ್ತಾಯಿತು, ಮೂವತ್ತಾಯಿತು. ತುಟಿಗೆ ಕೆಂಪು ಮರಳಿತು. ಕೂಸು ಒಮ್ಮೆ ಬಿಕ್ಕಿ, ಮುಖ ಕಿವುಚಿ, ಸೂರು ಹಾರಿಹೋಗುವಂತೆ ಅತ್ತಿತು.

ಯಮನವ್ವನೂ ಅತ್ತಳು. ಅನುಸೂಯಾ ಕೂಸನ್ನು ಅವಳ ಎದೆಯ ಮೇಲೆ ಮಲಗಿಸಿದಳು. ರಂಜನಾ ಸ್ಟೂಲ್ ಎಳೆದು ಅನುಸೂಯಾಳನ್ನು ಕೂರಿಸಿದಳು.

ಹೊರಗೆ ಕಾದಿದ್ದ ಯಮನವ್ವನ ಅತ್ತೆ ಚನ್ನಬಸವ್ವ ಹಿಡಿ ಸಕ್ಕರೆಯೊಂದಿಗೆ ಒಳಬಂದಳು. "ನನ್ನ ಮೊಮ್ಮಗಳನ್ನ ಉಳಿಸಿದವ್ರು ಯಾರ್ರಿ? ಮೊದ್ಲ ಅವ್ರ ಬಾಯಿ ಸಿಹಿ ಮಾಡ್ತೀನಿ."

ರಂಜನಾ ಅನುಸೂಯಾಳ ಕಡೆ ತೋರಿಸಿದಳು.

"ಕೈ ಅಷ್ಟ ನಂದವ್ವಾ," ಎಂದಳು ಅನುಸೂಯಾ. "ಕಣ್ಣು ಈಕೀವು."

ಮುದುಕಿಗೆ ತಕ್ಷಣ ಅರ್ಥವಾಗಲಿಲ್ಲ. ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಸಕ್ಕರೆಯನ್ನು ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ಚಿಕ್ಕವಳಾದ ರಂಜನಾಳ ಅಂಗೈಗೆ ಸುರಿದಳು.