ನಮ್ಮ ಓಣಿಯ ನಳ

ಮೊಮ್ಮಕ್ಕಳೇ, ನಿನ್ನೆ ಈ ಪರದೇಶದ ಕ್ವೇಕರ್ಸ್ ಹಿಲ್ ಮನೆಯಲ್ಲಿ ನಿಮ್ಮಪ್ಪ ನಳ ರಿಪೇರಿಗೆ ಎಣ್ಣೆ ಹತ್ತಿದ ಪಾನಾ, ನೀವು ಅನ್ನುವ ಸ್ಪ್ಯಾನರ್, ತೆಗೆದಾಗ ನಾನು ಸಿಟ್ಟಿನಿಂದ ಎದ್ದುಹೋದೆ. ನೀವು "ವಾಟ್ ಹ್ಯಾಪನ್ಡ್, ಅಜ್ಜಿ?" ಎಂದಿರಲ್ಲ, ನಿಮಗೆ ಕನ್ನಡ ಓದಲು ಬಾರದು, ಇದನ್ನು ನಿಮ್ಮಪ್ಪನ ಹತ್ತಿರ ಓದಿಸಿಕೊಳ್ಳಿ.

ನನ್ನಪ್ಪ ಕೈಮಗ್ಗ ಮಾರಿ, ಹಳ್ಳಿ ಬಿಟ್ಟು, ಹುಬ್ಬಳ್ಳಿಯ ಮಿಲ್ಲಿನಲ್ಲಿ ಯಂತ್ರ ರಿಪೇರಿಯ ಕೆಲಸಕ್ಕೆ ಸೇರಿದ್ದ. ಆ ಕೆಲಸ ಕೊಡಿಸಿದವನು ವಾರ್ಡಿನ ಮುಖಂಡ. ಓಣಿಗೆ ನಳ ಹಾಕಿಸಿದವನೂ ಅವನೇ. ಅವನು ನಿಂತ ಚುನಾವಣೆಯ ಪೆಟ್ಟಿಗೆ ತೆರೆದಾಗ ನಮ್ಮ ಓಣಿಯ ಓಟು ಅವನಿಗೆ ಬಿದ್ದಿರಲಿಲ್ಲ.

ಮರುದಿನ ಮಧ್ಯಾಹ್ನ ಜೀಪಿನಲ್ಲಿ ಬಂದ. ಆ ಗರಿಗರಿ ಬಿಳಿ ಅಂಗಿ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನಳದ ಕೆಳಗೆ ನನ್ನ ತಾಮ್ರದ ಕೊಡ ಅರ್ಧ ತುಂಬಿತ್ತು. ಅವನು ಅಪ್ಪನನ್ನು ಮಿಲ್ಲಿನಿಂದ ಕರೆಸಿ, "ಇದನ್ನ ನೀನ ಬಿಚ್ಚು. ನಾಳೆ ಕೆಲಸಕ್ಕ ಬರೂದೈತೋ ಇಲ್ಲೋ?" ಎಂದ.

"ಸಾಹೇಬ್ರ, ಮನ್ಯಾಗ ಸಣ್ಣ ಹುಡುಗ್ರ ಅದಾವ್ರೀ," ಎಂದ ಅಪ್ಪ.

"ಅದಕ್ಕ ಹೇಳಾಕತ್ತೀನಿ."

ಅಪ್ಪನ ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು. ಎಣ್ಣೆಗೈಯಲ್ಲಿ ಪಾನಾ ಎರಡು ಸಲ ಜಾರಿತು. ಓಣಿಯವರೆಲ್ಲ ನೋಡುತ್ತಿರುವಂತೆಯೇ ನಳ ಬಿಚ್ಚಿ, ಕೊಳವೆಯ ಬಾಯಿಗೆ ಕಟ್ಟಿಗೆಯ ಬೆಣೆ ಬಡಿದ.

ಅವ್ವ ನನ್ನ ಕೊಡ ಎತ್ತಿಕೊಂಡು ಹೋಗಿ ಜೀಪಿನ ಗಾಲಿಯ ಮೇಲೆ ಸುರಿದಳು. "ಇದೂ ನಿಮ್ದ ಐತಿ, ಒಯ್ರಿ!"

"ನಿನ್ನ ಹೇಣ್ತಿಗೆ ಬಾಯಿ ಭಾಳ ಐತಲ್ಲೋ," ಎಂದು ಅವನು ನಕ್ಕ.

ಸಂಜೆ ಊಟಕ್ಕೆ ಕೂತಾಗ ಅಪ್ಪನ ಗಂಟಲಿಗೆ ರೊಟ್ಟಿ ಸಿಕ್ಕಿಕೊಂಡಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆದರೂ ಅವ್ವನ ಹತ್ತಿರ ನೀರು ಕೇಳಲಿಲ್ಲ.